‘ಪ್ರಿಫಿಕ್ಸ್’ಗೆ ಕನ್ನಡದಲ್ಲಿ ಏನನ್ನೋಣ? ಉಪಸರ್ಗ ಹೊಂದುವುದಿಲ್ಲ

ಬಳಗದ ಎಲ್ಲರಿಗೂ ತೀರ್ಥಹಳ್ಳಿಯಿಂದ ನಮಸ್ಕಾರ.

ಒಂದು ಪದ ಕೇಳಬೇಕಿತ್ತು. ನಾನು ಇಲ್ಲಿ ಸಣ್ಣದೊಂದು ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಹುಡುಗರನ್ನು ಕಳಿಸುವುದು, ಉಳಿದ ಹೊತ್ತು ಪರದೆ ಮೇಲಿನ ಗ್ರಾಫ್ ನೋಡುತ್ತಾ ಕೂರುವುದು, ಇದೇ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ರೂಟರ್, ಪಿಂಗ್, ಲಿಂಕ್ ಇವಕ್ಕೆ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ. ಎಲ್ಲರ ಬಾಯಲ್ಲೂ ಇವೆ, ಅರ್ಥವೂ ಗೊತ್ತು. ‘ಪ್ರಿಫಿಕ್ಸ್’ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತುಬಿಟ್ಟಿದೆ. ಹುಡುಗರು ಆ ಪದ ಆಡುತ್ತಾರೆ, ಆದರೆ ಕೇಳಿದರೆ ಏನು ಅಂತ ಹೇಳಲು ಬರುವುದಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಪಿನ್‌ಕೋಡ್ ಇಟ್ಟುಕೊಂಡು ಹೇಳುತ್ತೇನೆ. ತೀರ್ಥಹಳ್ಳಿಯದ್ದು 577432, ಸಾಗರದ್ದು 577401, ಶಿವಮೊಗ್ಗದ್ದು 577201. ದೂರದ ಊರಿನಲ್ಲಿ ಕಾಗದ ವಿಂಗಡಿಸುವವರಿಗೆ ತೀರ್ಥಹಳ್ಳಿ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. 577 ನೋಡಿ ಈ ಕಡೆಯ ಚೀಲಕ್ಕೆ ಹಾಕಿದರೆ ಸಾಕು. ಉಳಿದ ಮೂರು ಅಂಕಿ ಇಲ್ಲಿಗೆ ಬಂದ ಮೇಲಿನ ಮಾತು. ಇಂಟರ್ನೆಟ್ಟಿನಲ್ಲೂ ಹಾಗೆಯೇ. 203.0.113.45 ಎಂಬ ಐಪಿ ವಿಳಾಸ (ನೆಟ್ಟಿಗೆ ಸೇರಿದ ಯಂತ್ರದ ನಂಬರ್) ಇದೆ ಅನ್ನಿ. ಜಗತ್ತಿನ ರೂಟರ್‌ಗಳು, ಅಂದರೆ ಯಾವುದು ಯಾವ ದಾರಿಯಲ್ಲಿ ಹೋಗಬೇಕೆಂದು ನೋಡಿ ಕಳಿಸುವ ಪೆಟ್ಟಿಗೆಗಳು, ಕೊನೆಯ 45ನ್ನು ನೋಡುವುದೇ ಇಲ್ಲ. ‘203.0.113ರಿಂದ ಶುರುವಾಗುವುದೆಲ್ಲ ಈ ದಾರಿ’ ಎಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತವೆ. ಆ ಮೊದಲ ಭಾಗವೇ ಪ್ರಿಫಿಕ್ಸ್. ಬರೆಯುವುದು 203.0.113.0/24 ಅಂತ. ಯಂತ್ರದೊಳಗೆ ಇಡೀ ವಿಳಾಸ 32 ಬಿಟ್ (ಸೊನ್ನೆ ಅಥವಾ ಒಂದು), ಒಂದೊಂದು ನಂಬರಿಗೆ ಎಂಟರಂತೆ. ಅದರಲ್ಲಿ ಮೊದಲ 24 ಬಿಟ್ ಗಟ್ಟಿ, ಬದಲಾಗುವುದಿಲ್ಲ ಎಂದು ಅರ್ಥ. ಉಳಿದ 8 ಬಿಟ್‌ನಲ್ಲಿ 256 ವಿಳಾಸ ಹಿಡಿಸುತ್ತವೆ. (ಇವು ನಮ್ಮ ನಿಜವಾದ ನಂಬರ್ ಅಲ್ಲ. ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಬಿಟ್ಟಿರುವ ಬ್ಲಾಕ್, ಅಂದರೆ ವಿಳಾಸಗಳ ಗುಂಪು.)

ನಿಘಂಟು ತೆಗೆದರೆ ಪ್ರಿಫಿಕ್ಸ್ ಎಂದರೆ ಉಪಸರ್ಗ, ಪೂರ್ವಪ್ರತ್ಯಯ. ನನಗೆ ಎರಡೂ ಒಪ್ಪಿಗೆಯಿಲ್ಲ. ಶಾಲೆಯಲ್ಲಿ ಕಲಿತದ್ದು ನೆನಪಿದೆಯಲ್ವಾ: ಹಾರ, ಆಹಾರ, ವಿಹಾರ, ಸಂಹಾರ. ಉಪಸರ್ಗ ಕಿತ್ತರೂ ಹಿಂದೆ ‘ಹಾರ’ ಉಳಿಯುತ್ತದೆ, ಅದಕ್ಕೆ ಅದರದ್ದೇ ಅರ್ಥ ಇದೆ. ಇಲ್ಲಿ 203.0.113 ಕಿತ್ತರೆ ಉಳಿಯುವ 45 ಯಾರದ್ದೂ ಅಲ್ಲ. ಬರೀ 432 ಎಂದರೆ ತೀರ್ಥಹಳ್ಳಿ ಆಗುತ್ತದೆಯೇ? ಅಚ್ಚಗನ್ನಡ ಬಳಸುವವರು ‘ಮುನ್ನೊಟ್ಟು’ ಎನ್ನುತ್ತಾರೆ. ಕಿವಿಗೆ ಹಿತವಾಗಿದೆ. ಆದರೆ ಇಲ್ಲಿ ಯಾವುದನ್ನೂ ತಂದು ಯಾವುದಕ್ಕೂ ಅಂಟಿಸಿಲ್ಲ, ಇರುವ ಅಂಕಿಯ ಮೊದಲ ತುಂಡು ಅಷ್ಟೇ. ಅಂಟಿಸುವ ಕೆಲಸವನ್ನು ಕನ್ನಡ ಹೆಚ್ಚಾಗಿ ಹಿಂದುಗಡೆಯೇ ಮಾಡುತ್ತದೆ: ಮನೆಗೆ, ಮನೆಯಿಂದ, ಮನೆಯಲ್ಲಿ. ಹಾಗಾಗಿ ಮುಂದೆ ಅಂಟುವ ಪದಗಳನ್ನು ಕೇಳಿದರೆ ನಮ್ಮ ಹುಡುಗರಿಗೆ ಏನೂ ಹೊಳೆಯುವುದಿಲ್ಲ.

ಸರಿ, ‘ಮುಂದಿನ ಅಂಕಿ’ ಎನ್ನೋಣ ಎಂದುಕೊಂಡೆ. ಅದು ಎಷ್ಟು ಅಪಾಯದ ಪದ ಎಂದು ಒಂದು ಜುಲೈ ರಾತ್ರಿ ತಿಳಿಯಿತು. ಜೋರು ಮಳೆ. ಒಳಗಿನ ಪಿಂಗ್ (ಪ್ಯಾಕೆಟ್ ಎಂಬ ಸಣ್ಣ ಮಾಹಿತಿ ತುಣುಕು ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು) ಎಲ್ಲ ಹಸಿರಾಗಿಯೇ ಇತ್ತು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಒಂದು ಪ್ಯಾಕೆಟ್ಟೂ ಕಳೆದಿರಲಿಲ್ಲ. ಆದರೂ ನೆಟ್ ಇಲ್ಲ ಅಂತ ಫೋನ್ ಮೇಲೆ ಫೋನ್. ಇಂಥ ಹೊತ್ತಿನಲ್ಲಿ ಹೊರಗಿನಿಂದ ನೋಡಬೇಕು. ಅದಕ್ಕೆ ಯುರೋಪಿನಲ್ಲಿ ಐಪಿ ವಿಳಾಸ ಹಂಚುವ ರೈಪ್ ಎನ್‌ಸಿಸಿ ಸಂಸ್ಥೆಯವರ ಆರ್‌ಐಎಸ್ ಇದೆ, ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ರೂಟ್ ವ್ಯೂಸ್ ಇದೆ. ಬೇರೆ ಬೇರೆ ದೇಶಗಳ ರೂಟರ್‌ಗಳಿಗೆ ಯಾವ ಪ್ರಿಫಿಕ್ಸ್ ಯಾವ ದಾರಿಯಲ್ಲಿ ಕಾಣುತ್ತಿದೆ ಎಂದು ಅಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿದರೆ ನಮ್ಮ ಎರಡು ಬ್ಲಾಕ್‌ಗಳಲ್ಲಿ ಒಂದು ಮಾಯ! ನಮಗೆ ಲಿಂಕ್ ಕೊಡುವ ಮೇಲಿನ ಕಂಪನಿಯ ಕಡೆಯಿಂದ ಅದು ಜಗತ್ತಿಗೆ ಹೋಗುವುದೇ ನಿಂತಿತ್ತು.

ಆಗುಂಬೆ ಕಡೆಯ ಗ್ರಾಹಕರು ಯಾವ ಬ್ಲಾಕಿನಲ್ಲಿದ್ದಾರೆ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಅಲ್ಲಿದ್ದ ಹುಡುಗನಿಗೆ ಫೋನ್ ಮಾಡಿ, ‘ಐಪಿಯ ಮುಂದಿನ ಮೂರು ನಂಬರ್ ಓದು ಮಾರಾಯ’ ಎಂದೆ. ‘ಹ್ಞಾಂ ಅಣ್ಣ, ಸೊನ್ನೆ, ನೂರಾ ಹದಿಮೂರು, ನಲವತ್ತೈದು’ ಎಂದ. (ನಿಜವಾದ ನಂಬರ್ ಬದಲು ಮೇಲಿನ ಉದಾಹರಣೆಯದ್ದನ್ನೇ ಹಾಕಿದ್ದೇನೆ.) ಸೊನ್ನೆಯಿಂದ ಶುರುವಾಗುವ ಬ್ಲಾಕ್ ನಮ್ಮಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗ್ ಹಾಳಾಗಿದೆ ಎಂದುಕೊಂಡು ಅವನ ಕೈಯಲ್ಲಿ ರೂಟರ್ ಎರಡು ಸಲ ಆಫ್ ಮಾಡಿಸಿ ಆನ್ ಮಾಡಿಸಿದೆ. ಆಮೇಲೆ ಹೊಳೆಯಿತು. ಪರದೆಯಲ್ಲಿ ಮೊದಲು ಕಂಡ 203 ಬಿಟ್ಟು, ಅದರ ‘ಮುಂದಿನ’ ಮೂರನ್ನು ಅವನು ಓದಿದ್ದ. ಅವನು ಕನ್ನಡವನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದ. ಮುಂಬಾಗಿಲು ಎಂದರೆ ಮೊದಲು ಸಿಗುವ ಬಾಗಿಲು, ಮುಂದಿನ ವಾರ ಎಂದರೆ ಆಮೇಲೆ ಬರುವ ವಾರ. ಒಂದೇ ಬೇರು, ಎರಡು ದಿಕ್ಕು.

‘ಮುನ್ನ’ದ ಕಡೆ ಹೋದರೆ ಈ ಗೊಂದಲ ಕಡಿಮೆ ಎಂದು ನನಗೆ ಕಾಣುತ್ತದೆ. ಮುನ್ನುಡಿ, ಮುನ್ಸೂಚನೆ. ಇಲ್ಲಿ ‘ಮೊದಲೇ ಬರುವುದು’ ಎಂಬ ಅರ್ಥವೇ ನಿಲ್ಲುತ್ತದೆ. (ಮುನ್ನಡೆಯಲ್ಲಿ ಮಾತ್ರ ಮುಂದಕ್ಕೆ ಹೋಗುತ್ತೇವೆ.) ಹಾಗಾಗಿ ‘ಮುನ್ನಂಕಿ’ ಎಂದು ಬರೆದಿದ್ದೇನೆ. ‘ತಲೆಯಂಕಿ’ ಎಂದೂ ಯೋಚಿಸಿದೆ, ತಲೆಬರಹ ಇದ್ದ ಹಾಗೆ. ಮೊದಲನೆಯದೇ ಮನಸ್ಸಿಗೆ ಹಿಡಿಸಿತು.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮವರು ‘ಪ್ರಿಫಿಕ್ಸ್ ಡೌನ್ ಆಗಿದೆ’, ‘ನಮ್ಮ ಹತ್ತಿರ ಎರಡು ಪ್ರಿಫಿಕ್ಸ್ ಇದೆ’ ಎನ್ನುತ್ತಾರೆ. ಅಲ್ಲಿ ಅಂಕಿಯ ಮಾತಿಲ್ಲ, ಆ ಅಂಕಿಯೊಳಗೆ ಬರುವ ಇಡೀ ವಿಳಾಸಗಳ ಗುಂಪಿನ ಮಾತು. ಇಂಗ್ಲಿಷ್‌ನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ. ನಾವೂ ಹಾಗೆ ಮಾಡಿದರೆ ತೊಂದರೆ, ಯಾಕೆಂದರೆ ಒಂದು ಬೆಳೆದಂತೆ ಇನ್ನೊಂದು ಕುಗ್ಗುತ್ತದೆ. /22 ಎಂದರೆ ಗಟ್ಟಿ ಭಾಗ ಗಿಡ್ಡ, ಒಳಗೆ 1024 ವಿಳಾಸ. /24 ಎಂದರೆ ಗಟ್ಟಿ ಭಾಗ ಉದ್ದ, ಒಳಗೆ 256 ಮಾತ್ರ. ಹೊಸ ಹುಡುಗರು 24 ದೊಡ್ಡದು ಅಂತಲೇ ತಿಳಿಯುತ್ತಾರೆ. ಪಹಣಿಯಲ್ಲಿ ಸರ್ವೆ ನಂಬರ್ 45/2 ನೋಡಿ ಬೆಳೆದವರು ಓರೆಗೆರೆಯ ಆಚೆಗಿನ ಅಂಕಿಯನ್ನು ಹಿಸ್ಸಾ ಎಂದುಕೊಳ್ಳುತ್ತಾರೆ. ಅದೂ ಸಹಜವೇ.

ಇದು ಬರೀ ಪದದ ಜಗಳ ಅಲ್ಲ. 2008ರ ಫೆಬ್ರವರಿ 24ರಂದು ಯೂಟ್ಯೂಬ್ ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಸಿಗಲಿಲ್ಲ. ಯೂಟ್ಯೂಬ್ ‘ಈ ವಿಳಾಸಗಳು ನನ್ನವು’ ಎಂದು ಬೇರೆ ರೂಟರ್‌ಗಳಿಗೆ ಸಾರಿದ್ದು ಒಂದು /22. ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೋಗಿ, ಆ /22ರೊಳಗಿನ ಒಂದು /24 ‘ನನ್ನದು’ ಎಂದು ಸಾರಿತು. ಆ ಸಾರಿಕೆ ದೇಶದಾಚೆಗೂ ಹರಡಿತು. ರೂಟರ್‌ಗಳ ನಿಯಮ ಒಂದೇ: ಒಂದು ವಿಳಾಸಕ್ಕೆ ಎರಡು ಪ್ರಿಫಿಕ್ಸ್ ಹೊಂದಿದರೆ ಉದ್ದದ್ದನ್ನು ನಂಬು. ಈ ನಿಯಮವನ್ನು ಒಂದೇ ಪದ ಇಟ್ಟುಕೊಂಡು ಬರೆದು ನೋಡಿ, ‘ಉದ್ದದ ಚಿಕ್ಕದು ಗೆಲ್ಲುತ್ತದೆ’ ಎಂದಾಗುತ್ತದೆ. ಅಂಕಿಗೆ ‘ಮುನ್ನಂಕಿ’, ಗುಂಪಿಗೆ ‘ಹೋಬಳಿ’ ಎಂದು ಬರೆದರೆ ಹೀಗೆ: ‘ಮುನ್ನಂಕಿ ಉದ್ದವಾದಷ್ಟೂ ಹೋಬಳಿ ಚಿಕ್ಕದು. ಚಿಕ್ಕ ಹೋಬಳಿಯ ಸಾರಿಕೆಯೇ ನಡೆಯುತ್ತದೆ.’ ಹುಡುಗರಿಗೆ ಓದಿ ಹೇಳಿದೆ, ಎರಡನೇ ಸಲ ಹೇಳಬೇಕಾಗಲಿಲ್ಲ. ಆಗುಂಬೆ ಹೋಬಳಿ, ಮಂಡಗದ್ದೆ ಹೋಬಳಿ ಎಂದರೆ ಒಂದಷ್ಟು ಹಳ್ಳಿ ಒಟ್ಟಿಗೆ ಅಂತ ಅವರಿಗೆ ಹುಟ್ಟಿನಿಂದ ಗೊತ್ತು. ಕಂದಾಯದ ಪದವನ್ನು ಇಲ್ಲಿ ಎಳೆದು ತರುವುದು ಸರಿಯೇ, ಅಥವಾ ‘ವಿಳಾಸಗುಂಪು’ ಎಂದು ಸುಮ್ನೆ ಬರೆಯುವುದೇ ವಾಸಿಯೇ, ನೀವು ಹೇಳಬೇಕು.

ಮೇಲೆ ‘ಸಾರು’ ಎಂದು ಬಳಸಿದ್ದೂ ಬೇಕೆಂದೇ. ಘೋಷಣೆ ಎಂದರೆ ಮೆರವಣಿಗೆ ನೆನಪಾಗುತ್ತದೆ. ಡಂಗುರ ಸಾರುವುದು ಇಲ್ಲಿ ಸರಿಯಾಗಿ ಕೂರುತ್ತದೆ: ಒಬ್ಬ ಸಾರಿದ್ದನ್ನು ಪಕ್ಕದವನು ಕೇಳಿ ಮುಂದಿನ ಊರಿಗೆ ಸಾರುತ್ತಾನೆ, ರೂಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿ ಪದ್ಧತಿ ನಡೆಯುವುದೇ ಹಾಗೆ. ಪದೇ ಪದೇ ಸಾರಿ, ಪದೇ ಪದೇ ವಾಪಸ್ ತೆಗೆದುಕೊಳ್ಳುವುದಕ್ಕೆ ನಮ್ಮ ಕಡೆ ಕರೆಂಟಿಗೆ ಹೇಳುವ ‘ಬಂದು ಹೋಗಿ ಮಾಡೋದು’ ಸಾಕು.

ಕೊನೆಗೆ, ಬಳಗದಲ್ಲಿ ಅಂಚೆ ಇಲಾಖೆಯಲ್ಲಿದ್ದ ಹಿರಿಯರು ಇದ್ದರೆ ಅವರಲ್ಲಿ ಒಂದು ಕೇಳಿಕೆ. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅಂದಿನಿಂದ ಕಾಗದ ವಿಂಗಡಿಸುತ್ತಾ ಆ ಮೊದಲ ಮೂರು ಅಂಕಿಗೆ ನಿಮ್ಮ ನಿಮ್ಮಲ್ಲಿ ಏನೆಂದು ಹೇಳುತ್ತಿದ್ದಿರಿ? ಎಸ್‌ಟಿಡಿ ಕಾಲದಲ್ಲಿ ತೀರ್ಥಹಳ್ಳಿ 08181, ಶಿವಮೊಗ್ಗ 08182, ಸಾಗರ 08183 ಎಂದು ದಿನವಿಡೀ ಒತ್ತುತ್ತಿದ್ದ ಟೆಲಿಫೋನ್ ಬೂತಿನವರೂ ನೆನಪು ಮಾಡಿಕೊಂಡು ಹೇಳಿ. ಬಾಯಲ್ಲಿ ಓಡಾಡಿದ ಪದ ಒಂದು ಸಿಕ್ಕರೆ ಮುನ್ನಂಕಿಯನ್ನು ಹೊಡೆದು ಹಾಕಿ ಅದನ್ನೇ ಬರೆಯುತ್ತೇನೆ.