ಮಗಳಿಗೆ ಹಾಡು ಕಲಿಸುವ ಮೇಷ್ಟ್ರನ್ನು ಆರಿಸೋದು ಹೇಗೆ? ಶಿರಸಿ ಸುತ್ತಮುತ್ತಲಿನವರ ಅನುಭವ

ಕೇಳಿದ್ದು: ನಾವು ಶಿರಸಿಗೆ ಬಂದು ಆರು ತಿಂಗಳಾಯಿತು. ಮಗಳಿಗೆ ಎಂಟು ವರ್ಷ, ದಿನವಿಡೀ ಏನಾದರೂ ಹಾಡುತ್ತಲೇ ಇರುತ್ತಾಳೆ. ಹಿಂದೂಸ್ತಾನಿ ಕಲಿಸಬೇಕು ಅಂತ ಆಸೆ. ಮನೆ ಹತ್ತಿರದ ಸಂಗೀತ ಶಾಲೆಯಲ್ಲಿ ಮೂವರು ಕಲಿಸುತ್ತಾರೆ. ಯಾರ ಹತ್ತಿರ ಸೇರಿಸುವುದು, ಏನು ನೋಡಿ ತೀರ್ಮಾನ ಮಾಡುವುದು? ನಮ್ಮ ಮನೆಯಲ್ಲಿ ಯಾರಿಗೂ ಸಂಗೀತ ಬರುವುದಿಲ್ಲ.

ಶಿರಸಿಯಿಂದ, ಇಬ್ಬರು ಮಕ್ಕಳ ತಾಯಿ:

ತಂಗೀ, ದುಡ್ಡು ಕಟ್ಟುವ ಮೊದಲು ಮೂವರ ಕ್ಲಾಸಿನಲ್ಲೂ ಒಂದೊಂದು ದಿನ ಸುಮ್ನೆ ಕೂತು ಬಾ. ಸಂಗೀತ ಬರದಿದ್ದರೂ ನಿನಗೆ ಗೊತ್ತಾಗುತ್ತದೆ. ಮೇಷ್ಟ್ರು ಎಷ್ಟು ಚೆನ್ನಾಗಿ ಹಾಡುತ್ತಾರೆ ಅನ್ನೋದಕ್ಕಿಂತ, ಮಕ್ಕಳು ಹಾಡುವಾಗ ಅವರು ಎಷ್ಟು ಕಿವಿ ಕೊಟ್ಟು ಕೇಳುತ್ತಾರೆ ಅನ್ನೋದನ್ನು ನೋಡು.

ನಮ್ಮ ಕೂಸನ್ನು ಮೊದಲು ಸೇರಿಸಿದ ಕಡೆ ಹದಿನೈದು ಮಕ್ಕಳು ಒಟ್ಟಿಗೆ. ಮೇಷ್ಟ್ರ ಗಂಟಲಿಗೆ ಸರಿಯಾಗಿ ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಕೀಯನ್ನು ಸ ಮಾಡಿಕೊಂಡು, ಹಾರ್ಮೋನಿಯಂ. ಮಕ್ಕಳೆಲ್ಲ ಅದೇ ಶ್ರುತಿಗೆ, ಒಂದು ಸ್ಥಾಯಿ ಮೇಲೆ ಹಾಡಬೇಕು. ಮೇಲಿನ ಸ ಬಂತು ಅಂದರೆ ಇವಳು ಕುತ್ತಿಗೆ ಎತ್ತಿ, ಹುಬ್ಬು ಗಂಟಿಕ್ಕಿ ಕೂಗುತ್ತಿದ್ದಳು. ಮನೆಗೆ ಬಂದರೆ ಸ್ವರ ಒಡೆದಿರುತ್ತಿತ್ತು. ನಾನು ನೆಗಡಿ ಅಂದುಕೊಂಡು ಎರಡು ತಿಂಗಳು ಕಷಾಯ ಕುಡಿಸಿದೆ. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸಿಕ್ಕವರು ಮನೆಯಲ್ಲೇ ಕಲಿಸುವ ಒಬ್ಬ ಅಕ್ಕ. ಮೊದಲ ದಿನ ಪಾಠವೇ ಇಲ್ಲ. 'ನಿಂಗೆ ಬಪ್ಪ (ಬರುವ) ಹಾಡು ಒಂದು ಹೇಳು' ಅಂದರು. ಇವಳು ಭಜನೆ ಶುರು ಮಾಡಿದಳು. ಅವರು ಹಾರ್ಮೋನಿಯಂ ಮೇಲೆ ಒಂದೊಂದೇ ಕೀ ಒತ್ತುತ್ತಾ ಹೋಗಿ ಕಪ್ಪು ನಾಲ್ಕಕ್ಕೆ ಬಂದು ನಿಂತರು. 'ಇದು ನಿನ್ನ ಸ' ಅಂದರು. ಅವತ್ತು ಇವಳ ಕುತ್ತಿಗೆ ಮೇಲೆ ಏಳಲೇ ಇಲ್ಲ. ನಾನು ಜಗುಲಿಯಲ್ಲಿ ಕೂತು ನೋಡುತ್ತಿದ್ದೆ, ಕಣ್ಣಲ್ಲಿ ನೀರು ಬಂತು.

ಇನ್ನೊಂದು, ತಪ್ಪನ್ನು ಹೇಗೆ ತಿದ್ದುತ್ತಾರೆ ನೋಡು. ಭೂಪ ರಾಗದಲ್ಲಿ ಮ ಇಲ್ಲ, ನಿ ಇಲ್ಲ. ಗ ದಿಂದ ಪ ಕ್ಕೆ ಹೋಗುವಾಗ ಮಕ್ಕಳು ನಡುವೆ ಮ ತಾಗಿಸಿಬಿಡುತ್ತಾರೆ. ಈ ಅಕ್ಕ 'ತಪ್ಪು' ಅನ್ನುವುದಿಲ್ಲ. ತಾನು ಗಪ, ಗಪ ಅಂತ ನಾಲ್ಕು ಸಲ ಹಾಡಿ ಸುಮ್ಮನಾಗುತ್ತಾರೆ. ಮಗು ತಾನೇ ಕೇಳಿ ಸರಿ ಮಾಡಿಕೊಳ್ಳುವವರೆಗೂ ಕಾಯುತ್ತಾರೆ. ಒಂದು ಸಂಜೆ ಬರೀ ಅದರಲ್ಲೇ ಮುಗಿಯಿತು. ಹೊಸ ಹಾಡು ಯಾವಾಗ ಅಂತ ನನಗೇ ಅವಸರ ಆಗಿತ್ತು. ಈಗ ಇವಳಿಗೆ ಪಕ್ಕದ ಮನೆ ರೇಡಿಯೋದಲ್ಲಿ ಭೂಪ ಬಂದರೂ ಗೊತ್ತಾಗುತ್ತದೆ.

ಪರೀಕ್ಷೆ ವಿಷಯವನ್ನೂ ಮೊದಲೇ ಕೇಳಿಕೋ. ನಮ್ಮ ಕಡೆ ಜಾಸ್ತಿ ಜನ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟಿಸುತ್ತಾರೆ. ಪ್ರಾರಂಭಿಕದಿಂದ ಶುರು, ಆಮೇಲೆ ಪ್ರವೇಶಿಕಾ, ಮಧ್ಯಮಾ, ವಿಶಾರದ, ಕೊನೆಗೆ ಅಲಂಕಾರ. ಪರೀಕ್ಷೆ ಕೆಟ್ಟದ್ದಲ್ಲ, ಮಕ್ಕಳಿಗೆ ಒಂದು ಗುರಿ ಇರುತ್ತದೆ. ಆದರೆ ಸೇರಿದ ವಾರವೇ 'ಮುಂದಿನ ಸಲ ಕೂರಿಸೋಣ' ಅಂದರೆ ಸ್ವಲ್ಪ ತಡಿ. ಹಾಗೆ ಅವಸರ ಮಾಡಿದ ಕಡೆ ಮಕ್ಕಳು ಛೋಟಾ ಖ್ಯಾಲ್ ಅನ್ನೋ ಚಿಕ್ಕ, ಚುರುಕು ನಡೆಯ ಹಾಡನ್ನು ಶಾಲೆಯ ಪದ್ಯದ ಹಾಗೆ ಬಾಯಿಪಾಠ ಮಾಡುವುದನ್ನು ನೋಡಿದ್ದೇನೆ. ಬಾಯಿಪಾಠದ ಎರಡು ತಾನ್ (ವೇಗದ ಸ್ವರಗಳ ಓಟ) ಬಿಟ್ಟು ಮೂರನೆಯದು ಹಾಡು ಅಂದರೆ ಬಾಯಿ ಬಿಡುವುದಿಲ್ಲ.

ದೊಡ್ಡ ಹೆಸರಿನವರೇ ಬೇಕು ಅಂತ ಚಿಂತೆ ಮಾಡಬೇಡ. ಹಿಂದೂಸ್ತಾನಿಯ ದೊಡ್ಡ ಗಾಯಕ ಬಸವರಾಜ ರಾಜಗುರು ಅವರ ಶಿಷ್ಯರಾದ ಗಣಪತಿ ಭಟ್ಟರು ಯಲ್ಲಾಪುರದ ಹತ್ತಿರ ಹಾಸಣಗಿಯ ತೋಟದ ಮನೆಯಲ್ಲೇ ಇದ್ದು ಹಾಡಿದವರು. ಒಳ್ಳೆಯ ಸಂಗೀತ ನಮ್ಮ ಹಳ್ಳಿ ಮನೆಗಳಲ್ಲೂ ಇದೆ. ಮೊದಲ ಮೂರು ನಾಲ್ಕು ವರ್ಷಕ್ಕೆ ಬೇಕಾದದ್ದು ತಾಳ್ಮೆ ಇರುವವರು, ಶ್ರುತಿ ಶುದ್ಧ ಇರುವವರು.

ಕುಮಟಾದಿಂದ, ತಬಲಾ ಕಲಿಯುವ ಹುಡುಗನ ಅಪ್ಪ:

ಮೇಲಿನ ಅಕ್ಕ ಹೇಳಿದ್ದು ತಬಲಾಕ್ಕೂ ಸರಿ. ನಮ್ಮ ಮಾಣಿಯ ಗುರುಗಳು ಮೊದಲು ಬೋಲನ್ನು, ಅಂದರೆ ಧಾ, ಧಿನ್ ಥರದ ತಬಲಾ ಅಕ್ಷರಗಳನ್ನು, ಬಾಯಲ್ಲಿ ಹೇಳಿಸುತ್ತಾರೆ. ಕೈಯಲ್ಲಿ ತೀನತಾಲ ಅನ್ನೋ ತಾಳದ ಹದಿನಾರು ಮಾತ್ರೆ (ತಾಳದ ಎಣಿಕೆ) ಎಣಿಸುತ್ತಾ ಹೇಳಬೇಕು. ಬಾಯಲ್ಲಿ ಬಂದ ಮೇಲೆಯೇ ತಬಲಾ ಮುಟ್ಟುವುದು. ಗಾಯನ ಕಲಿಸುವವರೂ ಹೀಗೆ ಕೈತಾಳ ಹಾಕಿಸುತ್ತಾರಾ ನೋಡಿ.

ಕರಾವಳಿಯಲ್ಲಿ ಇನ್ನೊಂದು ಸಂಗತಿ ಇದೆ, ಅದು ಮಳೆ. ಜೂನ್ ಬಂತು ಅಂದರೆ ತಬಲಾದ ಚರ್ಮ ಸಡಿಲ ಬೀಳುತ್ತದೆ, ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ರೀಡಿಗೆ ಕಿಲುಬು ಹಿಡಿಯುತ್ತದೆ. ನಮ್ಮ ಗುರುಗಳು ಪ್ರತಿ ಕ್ಲಾಸಿಗೆ ಮೊದಲು ಸುತ್ತಿಗೆ ಹಿಡಿದು ಸುತ್ತಲೂ ತಟ್ಟಿ, ಕಿವಿ ಹತ್ತಿರ ತಂದು, ಮತ್ತೆ ತಟ್ಟಿ ಶ್ರುತಿ ಕೂಡಿಸುತ್ತಾರೆ. ಹತ್ತು ನಿಮಿಷ ಹೋದರೂ ಬಿಡುವುದಿಲ್ಲ. ಶ್ರುತಿ ಕೂಡದ ವಾದ್ಯದ ಜೊತೆ ಮಕ್ಕಳನ್ನು ಹಾಡಿಸುವ ಕಡೆ ದಯವಿಟ್ಟು ಸೇರಿಸಬೇಡಿ. ಕಿವಿಯೇ ಕೆಡುತ್ತದೆ.

ಯಲ್ಲಾಪುರ ತಾಲ್ಲೂಕಿನಿಂದ:

ನಮ್ಮದು ಪೇಟೆಯಿಂದ ದೂರ, ಹಾಗಾಗಿ ಮಗಳಿಗೆ ಆನ್‌ಲೈನ್ ಪಾಠ. ದೂರದಿಂದ ಇಬ್ಬರೂ ಒಟ್ಟಿಗೆ ಹಾಡಲು ಆಗುವುದಿಲ್ಲ, ಧ್ವನಿ ತಡವಾಗಿ ಬರುತ್ತದೆ. ಗುರುಗಳು ಹಾಡಿ ನಿಲ್ಲಿಸಬೇಕು, ಆಮೇಲೆ ಇವಳು. ತಂಬೂರಿ ನಮ್ಮ ಕಡೆಯೇ ಇನ್ನೊಂದು ಮೊಬೈಲಿನಲ್ಲಿ ಹಾಕಿಕೊಳ್ಳುತ್ತೇವೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಇದೆ, ಅದನ್ನು ಆನ್ ಮಾಡದಿದ್ದರೆ ತಂಬೂರಿಯನ್ನು ಗದ್ದಲ ಅಂತ ತಿಳಿದು ಕತ್ತರಿಸಿಬಿಡುತ್ತದೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಿಮಗೆ ನಡೆದು ಹೋಗುವಷ್ಟು ಹತ್ತಿರ ಇದೆ ಅಂದರೆ ಎದುರು ಕೂತೇ ಕಲಿಯಲಿ.

ಹೊನ್ನಾವರದಿಂದ:

ಮಗಳಿಗೆ ಯಾವುದು ಇಷ್ಟ ಅಂತ ಅವಳನ್ನೂ ಕೇಳಿದಿರಾ? ನಮ್ಮ ಮಾಣಿಯನ್ನು ಎರಡು ವರ್ಷ ಹಿಂದೂಸ್ತಾನಿಗೆ ಕಳಿಸಿದೆವು, ಮನಸ್ಸೇ ಇರಲಿಲ್ಲ. ಗುಣವಂತೆಯಲ್ಲಿ ಕೆರೆಮನೆ ಮೇಳದವರ ಯಕ್ಷಗಾನ ನೋಡಿ ಬಂದವನು ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯುತ್ತೇನೆ ಅಂದ. ಆ ಮೇಳ 1934ರಿಂದ ಇದೆ, ನನ್ನ ಅಜ್ಜನೂ ಅದರ ಆಟ ನೋಡಿದವರು. ಈಗ ಬೆಳಿಗ್ಗೆ ಎದ್ದು ತಾನೇ ತಾಳ ಹಿಡಿದು ಕೂರುತ್ತಾನೆ. ಅವನ ಹಳೆಯ ಸಂಗೀತ ಮೇಷ್ಟ್ರೇ 'ಅಲ್ಲಿಗೇ ಕಳಿಸಿ, ಅವನ ಗಂಟಲು ಅದಕ್ಕೇ ಇದೆ' ಅಂದರು. ಆ ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳನ್ನು ಕೇಳಿದೆ. 'ಹಾರ್ಮೋನಿಯಂ ಇಟ್ಟುಕೊಂಡು ಹಾಡೋದೇ ಬೇಕು' ಅಂದಳು. ಶನಿವಾರ ಮೊದಲನೆಯವರ ಕ್ಲಾಸಿಗೆ ಹೋಗಿ ಕೂರುತ್ತೇವೆ. ಅವಳ ಕುತ್ತಿಗೆ ಮೇಲೆ ಏಳುತ್ತಾ ಅಂತ ನೋಡುತ್ತೇನೆ ಅಕ್ಕಾ.