ಬೆಲ್ಟಿಗೂ ವಯಸ್ಸಾಗುತ್ತದೆ, ಚಿಕ್ಕಪ್ಪ

ಚಿಕ್ಕಪ್ಪ (ಫಾರ್ವರ್ಡ್ ಸಂದೇಶ): ‘ಹಳೆಯ ಕಾರು ಕೊಂಡವರೇ ಗಮನಿಸಿ! ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದರೆ ಎಂಜಿನ್ ನಡುದಾರಿಯಲ್ಲಿ ಎಂದೂ ಕೈಕೊಡುವುದಿಲ್ಲ. ಮಿಕ್ಕಿದ್ದೆಲ್ಲ ಗ್ಯಾರೇಜಿನವರು ದುಡ್ಡು ಕೀಳುವ ಉಪಾಯ.’

ಚಿಕ್ಕಪ್ಪ: ಮೊನ್ನೆ ಕಾರು ಕೊಂಡ ನಿನಗಾಗಿಯೇ ಕಳುಹಿಸಿದ್ದೇನೆ, ಓದು.

ನಾನು: ಓದಿದೆ ಚಿಕ್ಕಪ್ಪ. ಆಯಿಲ್ ಮಾತು ನಿಜ, ಆದರೆ ಮಿಕ್ಕಿದ್ದನ್ನು ಒಪ್ಪಲಾರೆ. ನನ್ನ ಕಾರಿನಲ್ಲಿರುವುದು ಚೈನ್ ಅಲ್ಲ, ರಬ್ಬರಿನ ಟೈಮಿಂಗ್ ಬೆಲ್ಟ್. ಓಡುವಾಗ ಅದು ಹರಿದರೆ ವಾಲ್ವುಗಳನ್ನು, ಅಂದರೆ ಎಂಜಿನ್ನಿನ ಕವಾಟಗಳನ್ನು, ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ನಿಂತುಬಿಡುತ್ತದೆ, ಬಹಳಷ್ಟು ಎಂಜಿನ್‌ಗಳಲ್ಲಿ ಮೇಲೇರುವ ಪಿಸ್ಟನ್ ತೆರೆದೇ ಉಳಿದ ವಾಲ್ವಿಗೆ ಬಡಿದು ಅದನ್ನು ಬಗ್ಗಿಸುತ್ತದೆ. ಆ ಹೊಡೆತವನ್ನು ಯಾವ ಆಯಿಲ್ ತಡೆದೀತು?

ಚಿಕ್ಕಪ್ಪ: ನಿನ್ನ ಕಾರು ಓಡಿರುವುದು ಬರೀ 42,000 ಕಿಲೋಮೀಟರ್. ಬೆಲ್ಟಿನ ಬಾಳಿಕೆ ಒಂದು ಲಕ್ಷ ಎಂದು ಹೋದ ವಾರ ನೀನೇ ಹೇಳಿದ್ದೆ. ಅರ್ಧ ದಾರಿಯನ್ನೂ ಸವೆಸದ ಬೆಲ್ಟನ್ನು ಬಿಚ್ಚಿ ಎಸೆಯುವುದು ಯಾವ ಜಾಣತನ?

ನಾನು: ಕಾರಿಗೆ 9 ವರ್ಷವಾಗಿದೆಯಲ್ಲ! ಅದರ ಕೈಪಿಡಿಯಲ್ಲಿ ಕಿಲೋಮೀಟರಿನ ಜೊತೆಗೆ 6 ವರ್ಷದ ಗಡುವೂ ಇದೆ, ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ರಬ್ಬರು ನಿಂತಲ್ಲೇ ಒಣಗುತ್ತದೆ. ಹಿಂದಿನ ಮಾಲೀಕರ ಸರ್ವಿಸ್ ಪುಸ್ತಕದಲ್ಲಿ ಆಯಿಲ್ ಬದಲಿಸಿದ ಮುದ್ರೆಗಳು ಸಾಲಾಗಿವೆ, ಬೆಲ್ಟಿನ ಸುದ್ದಿಯೇ ಇಲ್ಲ. ನಿನ್ನೆ ಮೆಕ್ಯಾನಿಕ್ ಕವರ್ ತೆಗೆದು ಟಾರ್ಚ್ ಬಿಟ್ಟಾಗ, ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ನಾನೇ ಕಂಡೆ.

ಅಕ್ಕ: ಬೆಲ್ಟಿನ ಜಗಳದಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟನ್ನು ಮರೆಯಬೇಡಿ. ನಮ್ಮ ಹಳೆಯ ಕಾರಿನ ಹೋಸ್ ಬಿರಿದು ಕೂಲಂಟ್ ಪೂರ್ತಿ ಸೋರಿಹೋಗಿದ್ದರೂ ಬಿಸಿ ತೋರಿಸುವ ಮುಳ್ಳು ಮೇಲೇರಲೇ ಇಲ್ಲ, ಏಕೆಂದರೆ ದ್ರವದಲ್ಲಿ ಮುಳುಗಿರದ ಸೆನ್ಸರ್‌ಗೆ ನಿಜವಾದ ಬಿಸಿ ತಿಳಿಯದೇ ಹೋಗಬಹುದು. ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬಂತು, ಅದೊಂದೇ ಸೂಚನೆ. ಮನೆ ಹತ್ತಿರವೇ ಇದೆಯಲ್ಲ ಎಂದು ಓಡಿಸಿಕೊಂಡು ಬಂದೆವು, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಕಾದು ಸೊಟ್ಟಗಾಯಿತು.

ಚಿಕ್ಕಪ್ಪ: ಹಾಗಾದರೆ ನೀರಿನ ಪಂಪನ್ನೂ ಬದಲಿಸಿಬಿಡಿ, ಎಂಜಿನ್ನನ್ನೇ ಬದಲಿಸಿಬಿಡಿ!

ನಾನು: ನೀವು ತಮಾಷೆಗೆ ಹೇಳಿದಿರಿ, ಆದರೆ ಪಂಪನ್ನು ಬದಲಿಸುತ್ತಿದ್ದೇನೆ. ಕೂಲಂಟನ್ನು ಎಂಜಿನ್ನಿನಲ್ಲಿ ಸುತ್ತಿಸುವುದು ಅದೇ, ನನ್ನ ಕಾರಿನಲ್ಲಿ ಅದನ್ನು ತಿರುಗಿಸುವುದೂ ಇದೇ ಬೆಲ್ಟ್. ಪಂಪಿನ ಬೇರಿಂಗ್ ಬಿಗಿದುಕೊಂಡರೆ ಹೊಸ ಬೆಲ್ಟೂ ಉಳಿಯದು, ಬಿಚ್ಚುವ ಕೂಲಿಯಂತೂ ಎರಡಕ್ಕೂ ಒಂದೇ.

ಚಿಕ್ಕಪ್ಪ: ನಿಮಗೆಲ್ಲ ಎಲ್ಲದಕ್ಕೂ ಗಾಬರಿ. ನನ್ನ ಕಾರಿನಲ್ಲಿ ತಿಂಗಳಿನಿಂದ ತಿರುವಿನಲ್ಲೆಲ್ಲ ಕೆಂಪು ಆಯಿಲ್ ದೀಪ ಮಿಣುಕುತ್ತದೆ, ನೇರ ರಸ್ತೆಗೆ ಬಂದರೆ ಆರಿಹೋಗುತ್ತದೆ. ಏನಾಗಿದೆ ಈಗ?

ನಾನು: ಚಿಕ್ಕಪ್ಪ, ದಯವಿಟ್ಟು ಇನ್ನು ಕಾರು ಸ್ಟಾರ್ಟ್ ಮಾಡಬೇಡಿ. ಆಯಿಲ್ ತೀರಾ ಕಡಿಮೆಯಿದ್ದಾಗ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಆಯಿಲ್ ಪಂಪು ಗಾಳಿಯನ್ನು ಎಳೆಯುತ್ತದೆ, ಆ ಕ್ಷಣಗಳಲ್ಲಿ ಬೇರಿಂಗುಗಳು ಒಣಗಿಯೇ ತಿರುಗುತ್ತವೆ. ಸಮತಟ್ಟಾದ ಜಾಗದಲ್ಲಿ ನಿಂತಿದ್ದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ.

ಚಿಕ್ಕಪ್ಪ: ಬದಲಿಸಿ ನಾಲ್ಕೇ ತಿಂಗಳಾಗಿದೆ.

ಚಿಕ್ಕಪ್ಪ: ನೋಡಿದೆ. ಕಡ್ಡಿಯ ತುದಿಗೆ ಮಾತ್ರ ಒಂದು ಹನಿ ಅಂಟಿದೆ. ನಿನ್ನ ಮೆಕ್ಯಾನಿಕ್‌ನ ನಂಬರ್ ಕಳುಹಿಸು.