ಮಾವ ಹಂಚಿದ ವೇಗದ ಗುಟ್ಟು

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸೋದರಮಾವ ಹಂಚಿದ್ದು ಇಷ್ಟು: “ರಿಪೇರಿಯವರು ಬಾಯಿ ಬಿಡದ ಗುಟ್ಟು! ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ. ಟೆಂಪ್ ಎಂದು ಬರೆದು ಎಂಟರ್ ಒತ್ತಿ, ಬಂದದ್ದನ್ನೆಲ್ಲ ಅಳಿಸಿ. ಹಾಗೆಯೇ ಪ್ರಿಫೆಚ್ ಎಂದು ಬರೆದು ಅದನ್ನೂ ಅಳಿಸಿ. ದಿನವೂ ಮಾಡಿದರೆ ಕಂಪ್ಯೂಟರ್ ಹತ್ತು ಪಟ್ಟು ವೇಗ. ನಿಮ್ಮವರಿಗೆಲ್ಲ ತಲುಪಿಸಿ.” ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತು. ಪೂರ್ತಿ ಓದುವಷ್ಟು ಹೊತ್ತು ಕಳೆಯುವ ಮೊದಲೇ ಹೆಬ್ಬೆರಳುಗಳು ಸಾಲಾಗಿ ಬಂದವು.

ತಂಗಿ: ಹತ್ತು ಪಟ್ಟು ಎಂದು ಅಳೆದವರು ಯಾರು ಮಾವ? ಮೂಲ ಯಾವುದು?

ಮಾವ: ನನ್ನ ಸ್ನೇಹಿತರು ಕಳುಹಿಸಿದ್ದು. ಕಂಪ್ಯೂಟರ್ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತರಾದವರು.

ತಂಗಿ: ಅವರಿಗೆ ಕಳುಹಿಸಿದವರು?

ಮಾವ: ಅದನ್ನೆಲ್ಲ ಕೆದಕಿ ಕೇಳಲಾಗುತ್ತದೆಯೇ?

ತಂಗಿ: ಟೆಂಪ್‌ನಲ್ಲಿರುವುದು ತಾತ್ಕಾಲಿಕ ಫೈಲ್‌ಗಳು, ಅಳಿಸಿದರೆ ಜಾಗ ಸಿಗುತ್ತದೆ, ಸರಿ. ಪ್ರಿಫೆಚ್ ಹಾಗಲ್ಲ. ಒಂದು ಪ್ರೋಗ್ರಾಂ ತೆರೆಯುವಾಗ ಮೊದಲ ಕೆಲವು ಕ್ಷಣಗಳಲ್ಲಿ ಯಾವ ಯಾವ ಫೈಲ್ ಓದಿತು ಎಂದು ವಿಂಡೋಸ್ ಅಲ್ಲಿ ಬರೆದಿಡುತ್ತದೆ. ಮುಂದಿನ ಸಲ ಅವನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಿಂದಲೂ ಇದೇ ವ್ಯವಸ್ಥೆ. ದಿನವೂ ಅಳಿಸಿದರೆ ದಿನವೂ ಮೊದಲಿನಿಂದ ಕಲಿಯಬೇಕು. ತೆರೆಯುವುದು ಇನ್ನಷ್ಟು ನಿಧಾನವಾಗುತ್ತದೆ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬಂದದ್ದು ದೊಡ್ಡಪ್ಪನ ಉಪದೇಶ.

ದೊಡ್ಡಪ್ಪ: ಹಿರಿಯರು ಒಳ್ಳೆಯ ಮನಸ್ಸಿನಿಂದ ಏನೋ ಹಂಚಿದರೆ ಅಡ್ಡಪ್ರಶ್ನೆ ಹಾಕುವುದು ಈಗಿನ ಪದ್ಧತಿ. ಯಂತ್ರ ಕೆಡುವುದು ಶಿಸ್ತಿಲ್ಲದ್ದರಿಂದ. ನಾನು ಪ್ರತಿ ರಾತ್ರಿ ಕ್ರಮವಾಗಿ ಶಟ್‌ಡೌನ್ ಮಾಡುತ್ತೇನೆ.

ತಂಗಿ: ದೊಡ್ಡಪ್ಪ, ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಎಂಬುದೊಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗವನ್ನು ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ.

ದೊಡ್ಡಪ್ಪ: ಅಂದರೆ ನಾನು ಇಷ್ಟು ವರ್ಷ ಮಾಡಿದ್ದು ತಪ್ಪೇ?

ಅವಳು ತಪ್ಪು ಎಂದಿರಲಿಲ್ಲ. ಆದರೆ ದೊಡ್ಡಪ್ಪನ ‘ಇಷ್ಟು ವರ್ಷ’ಕ್ಕೆ ಎದುರಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಮಗ ಪುಣ್ಯಾತ್ಮ ಬಂದ.

ದೊಡ್ಡಮ್ಮನ ಮಗ: ವಿಂಡೋಸ್ 98 ನೆನಪಿದೆಯೇ? ಡಿಸ್ಕ್‌ನಲ್ಲಿ ಚದುರಿದ ಫೈಲ್ ತುಂಡುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಹಾಕಿ ಆ ಬಣ್ಣಬಣ್ಣದ ಚೌಕಗಳು ಜಾಗ ಬದಲಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು! ಕರೆಂಟು ಹೋಗಿ ಬಂದರೆ ಡಿಸ್ಕ್ ಪರೀಕ್ಷಿಸುವ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್, ‘ಸರಿಯಾಗಿ ಮುಚ್ಚಲಿಲ್ಲ’ ಎಂದು ನಮ್ಮನ್ನೇ ಬೈಯುತ್ತಿತ್ತು. ಆಮೇಲೆ ಡೆಸ್ಕ್‌ಟಾಪ್ ಮೇಲೆ ರಿಫ್ರೆಶ್, ರಿಫ್ರೆಶ್, ರಿಫ್ರೆಶ್.

ಮಾವ: ರಿಫ್ರೆಶ್ ನಾನು ಈಗಲೂ ಮಾಡುತ್ತೇನೆ.

ತಂಗಿ: ಅದರಿಂದ ಐಕಾನ್‌ಗಳು ಮತ್ತೆ ಮೂಡುತ್ತವೆ, ಅಷ್ಟೇ. ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇದ್ದರೆ ಹಳೆಯ ಡಿಫ್ರಾಗ್ ಕೂಡ ಬೇಡ. ಯಾವ ಜಾಗ ಖಾಲಿಯಾಗಿದೆ ಎಂದು ಡಿಸ್ಕ್‌ಗೆ ತಿಳಿಸುವ ಟ್ರಿಮ್ ಆದೇಶವನ್ನು ವಿಂಡೋಸ್ ತಾನೇ ಕಳುಹಿಸುತ್ತದೆ.

ದೊಡ್ಡಮ್ಮನ ಮಗ: ನಿನಗೆ ಚೌಕ ನೋಡುವ ಸುಖ ಗೊತ್ತಿಲ್ಲ ಬಿಡು.

ಚಿಕ್ಕಮ್ಮ ಬಾಯಿ ತೆರೆದದ್ದು ಇಲ್ಲಿ. ಅಲ್ಲಿಂದ ಮುಂದೆ ಪ್ರಿಫೆಚ್ ಹೆಸರನ್ನು ಯಾರೂ ಎತ್ತಲಿಲ್ಲ.

ಚಿಕ್ಕಮ್ಮ: ಅಳಿಸುವ ಮಾತು ಬಂದರೆ ನನಗೆ ಮೈ ಉರಿಯುತ್ತದೆ. ನನ್ನ ಮೊಮ್ಮಗನ ಫೋಟೋಗಳನ್ನು ಅಳಿಸಿದ ಮಹಾನುಭಾವರು ಇದೇ ಗುಂಪಿನಲ್ಲಿದ್ದಾರೆ.

ಅಣ್ಣ: ಮತ್ತೆ ಶುರುವಾಯಿತೇ? ಜಾಗ ಖಾಲಿ ಮಾಡಿಕೊಡು ಎಂದು ನೀವೇ ಕೇಳಿದಿರಿ. ಬೇಡದ ಫೈಲ್ ಅಳಿಸುವ ಡಿಸ್ಕ್ ಕ್ಲೀನಪ್ ಪಟ್ಟಿಗೆ ನಿಮ್ಮ ಫೋಟೋಗಳಿದ್ದ ಡೌನ್‌ಲೋಡ್ಸ್ ಫೋಲ್ಡರ್ ಸೇರಿಸಿದ್ದು 2018ರ ಅಪ್‌ಡೇಟ್. ಅದಕ್ಕೂ ಮುಂಚೆ ಇರಲಿಲ್ಲ. ಮುಂದೆ ಮೈಕ್ರೋಸಾಫ್ಟ್‌ನವರೇ ತೆಗೆದೂ ಹಾಕಿದರು.

ತಂಗಿ: ಆ ಸಾಲಿಗೆ ಮೊದಲೇ ಟಿಕ್ ಇರಲಿಲ್ಲ ಅಣ್ಣ. ಪಟ್ಟಿಯ ಉದ್ದಕ್ಕೂ ಟಿಕ್ ಹಾಕುತ್ತಾ ಹೋದವನು ನೀನು. ಅಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಅಣ್ಣ: ನೀನು ಯಾರ ಪರ?

ಚಿಕ್ಕಮ್ಮ: ಅವಳಾದರೂ ಸತ್ಯ ಹೇಳುತ್ತಾಳೆ. ನೀನು ಒಂದು ಸಲವಾದರೂ ‘ಬೇಸರವಾಯಿತು ಚಿಕ್ಕಮ್ಮ’ ಎಂದೆಯಾ?

ಮಾವ: ನಾನು ಏನು ಹಂಚಿದೆ, ನೀವು ಎಲ್ಲಿಗೆ ಒಯ್ದಿರಿ!

ಮ್ಯಾಕ್ ಕೊಂಡ ದಿನದಿಂದ ಗುಂಪಿನಲ್ಲಿ ಸುಮ್ಮನಿರಲಾಗದ ಚಿಕ್ಕಪ್ಪ “ನಮಗೆ ಈ ತಾಪತ್ರಯವೇ ಇಲ್ಲ” ಎಂದು ನಗುವ ಮುಖ ಹಾಕಿದರು. ನಿಧಾನವಾದರೆ ಅಲ್ಲೂ ಆಕ್ಟಿವಿಟಿ ಮಾನಿಟರ್ ತೆರೆದು ಯಾವುದು ಮೆಮೊರಿ ತಿನ್ನುತ್ತಿದೆ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಟಾಪ್. ಮಾವನ ಲ್ಯಾಪ್‌ಟಾಪ್‌ಗೂ ಬೇಕಾದದ್ದು ಅಷ್ಟೇ: ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ, ಅಂದರೆ ಕಂಪ್ಯೂಟರ್ ಜೊತೆಗೇ ಶುರುವಾಗುವ ಪ್ರೋಗ್ರಾಂಗಳಲ್ಲಿ, ಬೇಡದ್ದನ್ನು ನಿಷ್ಕ್ರಿಯಗೊಳಿಸುವುದು. ನಾನು ಬರೆಯಲು ಹೊರಟು ಸುಮ್ಮನಾದೆ. ನನ್ನ ಪಾತ್ರ ಓದಿಯೂ ಓದದವನದು.

ತಂಗಿ: ಕೊನೆಯದಾಗಿ ಒಂದು. ಯಾರೋ ಹೇಳಿದರೆಂದು ವಿಂಡೋಸ್-ಆರ್ ಒತ್ತುವ ಅಭ್ಯಾಸವೇ ಬೇಡ. ‘ನೀವು ರೋಬೋಟ್ ಅಲ್ಲವೆಂದು ಖಚಿತಪಡಿಸಿ’ ಎಂದು ಇದೇ ಕೀಲಿ ಒತ್ತಿಸಿ, ಕಾಪಿ ಆದದ್ದನ್ನು ಅಂಟಿಸುವ ಕಂಟ್ರೋಲ್-ವಿ ಒತ್ತಿಸಿ, ಎಂಟರ್ ಹೊಡೆಸುವ ನಕಲಿ ಪುಟಗಳಿವೆ. ಪುಟ ಗುಟ್ಟಾಗಿ ಕಾಪಿ ಮಾಡಿಟ್ಟ ಆದೇಶ ಓಡುತ್ತದೆ, ಪಾಸ್‌ವರ್ಡ್‌ಗಳು ಕಳುವಾಗುತ್ತವೆ.

ದೊಡ್ಡಪ್ಪ: ಈಗ ಮಾವನನ್ನೇ ಕಳ್ಳ ಎಂದಳು.

ಮಾವ: ಪರವಾಗಿಲ್ಲ ಭಾವ, ಬಿಡಿ.

ಚಿಕ್ಕಮ್ಮ: ಅದೆಲ್ಲ ಇರಲಿ. ಈಗಿರುವ ಫೋಟೋಗಳನ್ನು ಎಲ್ಲಿ ಇಡಲಿ?

ತಂಗಿ: ಡೌನ್‌ಲೋಡ್ಸ್‌ನಿಂದ ತೆಗೆದು ಪಿಕ್ಚರ್ಸ್‌ಗೆ ಹಾಕಿ, ಇನ್ನೊಂದು ಪ್ರತಿಯನ್ನು ಹೊರಗಿನ ಡ್ರೈವ್‌ಗೆ. ಪ್ರತಿ ಆದ ಮೇಲೆ ಡ್ರೈವ್ ಬಿಚ್ಚಿಡಿ.

ಚಿಕ್ಕಮ್ಮ: ನೀನೇ ಬಂದು ಮಾಡಿಕೊಡು. ಅವನನ್ನು ಕರೆತರಬೇಡ.